ಲಕ್ವ ಹೊಡೆದ ಮೇಲೆ ದಿನದ ಕೆಲಸ ಮತ್ತೆ ಕಲಿಯಲು: ಜಿಲ್ಲಾ ಆಸ್ಪತ್ರೆಯೋ, ಬೆಂಗಳೂರೋ, ಮನೆಯೋ?

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ಮೂರು ವಾರ ಆಗುವಷ್ಟರಲ್ಲಿ ಮನೆಯವರಿಗೆ ಒಂದು ವಿಚಿತ್ರ ಕಾಣತೊಡಗುತ್ತದೆ. ಕಾಲಿಗೆ ಬಲ ಬರುತ್ತಿದೆ. ಕೋಲು ಹಿಡಿದು ಅಂಗಳದವರೆಗೆ ಹೋಗಿ ಬರುತ್ತಾರೆ. ಆದರೆ ಬಚ್ಚಲಿಗೆ ಹೋದವರು ತಂಬಿಗೆ ಹಿಡಿದು ಸುಮ್ನೆ ನಿಂತಿರುತ್ತಾರೆ, ಮುಂದೇನು ಮಾಡಬೇಕೆಂದು ತೋಚುವುದಿಲ್ಲ. ತಟ್ಟೆಯ ಬಲಗಡೆಯ ಅನ್ನ ತಿಂದು, ಎಡಗಡೆ ಪಲ್ಯ ಹಾಗೇ ಇರುವಾಗಲೇ "ಪಲ್ಯ ಹಾಕೇ ಇಲ್ಲಲ್ಲ" ಎಂದು ಸಿಟ್ಟಾಗುತ್ತಾರೆ. ಬೆಳಗಿನ ಬಿಪಿ ಮಾತ್ರೆ ಎರಡು ಸಲ ನುಂಗಿರುತ್ತಾರೆ, ಇಲ್ಲವೇ ನುಂಗಿಯೇ ಇರುವುದಿಲ್ಲ. "ದಿನಾ ಫಿಸಿಯೋಥೆರಪಿ ಮಾಡಿಸ್ತಿದ್ದೀವಿ, ಆದರೂ ಒಬ್ಬರನ್ನೇ ಬಿಟ್ಟು ಹೊರಗೆ ಹೋಗೋಕೆ ಆಗ್ತಿಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಬೇಕಾ?" ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆಯಿಂದ ನನಗೆ ಬರುವ ಪ್ರಶ್ನೆಗಳ ತಿರುಳು ಇದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಆಸ್ಪತ್ರೆ ದೊಡ್ಡದು, ಎಲ್ಲಿ ಮಷೀನ್ ಜಾಸ್ತಿ ಇದೆ ಎಂದು ನೋಡಿ ಆರಿಸಬೇಡಿ. ಯಾವ ಕೆಲಸ ಮತ್ತೆ ಬರಬೇಕು, ಅದನ್ನು ಹಗಲಿಡೀ ಪಕ್ಕದಲ್ಲಿದ್ದು ಮಾಡಿಸುವವರು ಯಾರು, ಇವೆರಡನ್ನು ನೋಡಿ ಆರಿಸಿ. ಇಲ್ಲಿ ಕೆಟ್ಟಿರುವುದು ಕೈಕಾಲು ಮಾತ್ರ ಅಲ್ಲ. ಗಮನ, ನೆನಪು, ಒಂದರ ನಂತರ ಒಂದು ಜೋಡಿಸಿ ಮಾಡುವ ಲೆಕ್ಕಾಚಾರ ಕೂಡ ಕೆಟ್ಟಿದೆ. ಇದನ್ನು ಒಂದು ಜಾಗದಲ್ಲಿ ಕಲಿಸಿದರೆ ಇನ್ನೊಂದು ಜಾಗಕ್ಕೆ ತಾನಾಗೇ ಬರುವುದಿಲ್ಲ. ಬೆಂಗಳೂರಿನ ಸೆಂಟರಿನ ನುಣುಪಾದ ಬಾತ್‌ರೂಮಿನಲ್ಲಿ ಸ್ನಾನ ಕಲಿತವರು ಊರಿಗೆ ಬಂದು, ಹಿತ್ತಲ ಬಚ್ಚಲಿನಲ್ಲಿ ಹಂಡೆ ಮುಂದೆ ಮತ್ತೆ ಕಕ್ಕಾಬಿಕ್ಕಿಯಾಗಿ ನಿಲ್ಲುವುದು ಇದಕ್ಕೇ.

ಮೊದಲು ಏನು ನೋಡಬೇಕು

ಮೊದಲನೆಯದು, ಕೆಟ್ಟಿರುವುದು ನಿಖರವಾಗಿ ಏನು ಎಂಬುದು. "ಬುದ್ಧಿ ಮಂಕಾಗಿದೆ" ಅಂದರೆ ಸಾಲದು. ಲಕ್ವದಿಂದ ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗಡೆಯ ಲೋಕವೇ ಗಮನಕ್ಕೆ ಬಾರದಂತೆ ಆಗಬಹುದು. ಕಣ್ಣು ಸರಿ ಇರುತ್ತದೆ, ಗಮನ ಆ ಕಡೆ ಹೋಗುವುದಿಲ್ಲ. ಎಡಭಾಗಕ್ಕೆ ಪೆಟ್ಟಾದರೆ ಮಾತು ಹೋಗಬಹುದು. ಕೈಯಲ್ಲಿ ಶಕ್ತಿ ಇದ್ದೂ ಬಾಚಣಿಗೆಯನ್ನು ಬಾಯಿಗೆ ಇಟ್ಟುಕೊಳ್ಳುವಂಥ ಗೊಂದಲವೂ ಆಗಬಹುದು. ಕೆಲವರಿಗೆ ನೆನಪು ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ತಮಗೆ ಏನೋ ಆಗಿದೆ ಎಂಬ ಅರಿವೇ ಇರುವುದಿಲ್ಲ. "ನನಗೇನಾಗೇತಿ, ಆರಾಮ್ ಅದೀನಿ" ಎಂದು ಬೈಕಿನ ಕೀಲಿ ಕೇಳುವ ಅಪ್ಪ ಹಟ ಮಾಡುತ್ತಿಲ್ಲ, ಅದು ಕೂಡ ಆ ಪೆಟ್ಟಿನದೇ ಭಾಗ. ಇದರಲ್ಲಿ ಒಂದೊಂದಕ್ಕೂ ಕಲಿಸುವ ದಾರಿ ಬೇರೆ.

ಎರಡನೆಯದು, ಕಲಿಸುವವರು ಯಾರು. ಫಿಸಿಯೋ ನಡಿಗೆ, ಸಮತೋಲನ, ಭುಜದ ನೋವು ನೋಡುತ್ತಾರೆ. ಬಟ್ಟೆ ಹಾಕುವುದು, ಉಣ್ಣುವುದು, ಅಡುಗೆ, ದುಡ್ಡಿನ ಲೆಕ್ಕ ಇವನ್ನೆಲ್ಲ ಮತ್ತೆ ಕಲಿಸುವುದು ಆಕ್ಯುಪೇಷನಲ್ ಥೆರಪಿಸ್ಟ್ ಕೆಲಸ. ಮಾತು ಮತ್ತು ನುಂಗುವುದು ಸ್ಪೀಚ್ ಥೆರಪಿಸ್ಟರದ್ದು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಫಿಸಿಯೋ ಸುಲಭವಾಗಿ ಸಿಗುತ್ತಾರೆ, ಉಳಿದಿಬ್ಬರನ್ನು ಹುಡುಕಬೇಕು. ಹಾಗಾಗಿ ಎಲ್ಲವನ್ನೂ ಫಿಸಿಯೋ ತಲೆಗೆ ಕಟ್ಟಿ, ಆಮೇಲೆ "ಆರು ತಿಂಗಳಾದ್ರೂ ಏನೂ ಆಗ್ಲಿಲ್ಲ" ಅನ್ನುವುದು ನಡೆದೇ ಇದೆ.

ಮೂರನೆಯದು ಕಾಲ. ಚೇತರಿಕೆ ಜೋರಾಗಿರುವುದು ಮೊದಲ ಮೂರು ತಿಂಗಳು. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆರು ತಿಂಗಳು ಕಳೆದವರಿಗೆ "ಇನ್ನೇನೂ ಆಗಲ್ಲ" ಅನ್ನುವವರ ಮಾತು ಕೇಳಬೇಡಿ. ಆದರೆ ದೊಡ್ಡ ಖರ್ಚು ಮಾಡುವುದಿದ್ದರೆ ಆ ಮೊದಲ ಮೂರು ತಿಂಗಳಲ್ಲೇ ಮಾಡುವುದು ಲಾಭ.

ಉಳಿದದ್ದು ನಿಮಗೇ ಗೊತ್ತು: ದೂರ, ದುಡ್ಡು, ಮನೆಯಲ್ಲಿ ಇರುವವರು. ಇದರಲ್ಲಿ ಮೂರನೆಯದನ್ನೇ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೊಸೆಯೋ ಹೆಂಡತಿಯೋ ಹೇಗೂ ಇದ್ದಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಹೊಲದ ಕೆಲಸ, ಮಕ್ಕಳ ಶಾಲೆ, ರೊಟ್ಟಿ ಬಡಿಯುವುದು, ನೀರು ಬಂದಾಗ ತುಂಬಿಸುವುದು, ಇವೆಲ್ಲದರ ಮೇಲೆ ಇದೂ ಆಕೆಯ ತಲೆಗೇ. ಆಕೆಯ ದಿನದಲ್ಲಿ ಇಪ್ಪತ್ತು ನಿಮಿಷದ ಎರಡು ಬಿಡುವು ಸಿಗುತ್ತದೆಯೇ ಎಂದು ಮೊದಲು ಆಕೆಯನ್ನೇ ಕೇಳಿ, ಆಮೇಲೆ ಬೇರೆ ಮಾತು.

ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು

ಬಳ್ಳಾರಿಯಲ್ಲಿ ಬಿಎಂಸಿಆರ್‌ಸಿ (ನಮ್ಮ ಬಾಯಲ್ಲಿ ಅದು ಇನ್ನೂ ವಿಮ್ಸ್), ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಖರ್ಚು ಕಡಿಮೆ. ವೈದ್ಯರು, ಸ್ಕ್ಯಾನ್, ರಕ್ತಪರೀಕ್ಷೆ ಒಂದೇ ಆವರಣದಲ್ಲಿ ಸಿಗುತ್ತವೆ. ಎನ್‌ಸಿಡಿ (ಅಂಟುರೋಗವಲ್ಲದ ದೀರ್ಘ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಮಾತ್ರೆ ಉಚಿತ. ಇನ್ನೊಮ್ಮೆ ಲಕ್ವ ಹೊಡೆಯದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ, ಅದಕ್ಕೆ ಈ ನಂಟು ಬಿಡಲೇಬಾರದು. ನಿಮ್ಹಾನ್ಸ್ ಜೊತೆ ಸೇರಿ ಆರೋಗ್ಯ ಇಲಾಖೆ ನಡೆಸುವ ಮೆದುಳು ಆರೋಗ್ಯ ಕ್ಲಿನಿಕ್ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ದಿನ ಇರುತ್ತದೆ ಎಂದೂ ವಿಚಾರಿಸಿ. ನೆನಪು, ಗಮನದ ತಪಾಸಣೆಗೆ ಸರಿಯಾದ ಬಾಗಿಲು ಅದು.

ತೊಂದರೆ ಇರುವುದು ಸಮಯದ್ದು. ಒಪಿಡಿ ಸಾಲು ಉದ್ದ, ಒಬ್ಬ ರೋಗಿಗೆ ಸಿಗುವ ನಿಮಿಷ ಕಡಿಮೆ. ಗಮನ ನಿಲ್ಲದವರಿಗೆ ಆ ಗದ್ದಲದಲ್ಲಿ ಏನೂ ತಲೆಗೆ ಹೋಗುವುದಿಲ್ಲ. ಮಸ್ಕಿಯಿಂದಲೋ ಹಡಗಲಿ ಕಡೆಯಿಂದಲೋ ಬಸ್ಸಿನಲ್ಲಿ ಬಂದವರು ಅಷ್ಟರಲ್ಲೇ ಸುಸ್ತಾಗಿರುತ್ತಾರೆ. ಲಕ್ವದ ನಂತರದ ಈ ಸುಸ್ತು ಸೋಮಾರಿತನ ಅಲ್ಲ. ಅದಕ್ಕೆ ನನ್ನ ಸಲಹೆ ಹೀಗೆ: ಇಲ್ಲಿಗೆ ದಿನಾ ಹೋಗುವ ಯೋಜನೆ ಹಾಕಬೇಡಿ. ಎರಡು ವಾರಕ್ಕೊಮ್ಮೆ ಹೋಗಿ, ಹೋದಾಗ ಒಂದೇ ಒಂದು ಕೆಲಸ ಹಿಡಿದು ಕೇಳಿ. "ಅಂಗಿ ಹಾಕಿಕೊಳ್ಳೋದನ್ನ ನನ್ನ ಕೈಲಿ ಒಮ್ಮೆ ಮಾಡಿಸಿ ತೋರಿಸಿ ಸರ್" ಅನ್ನಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಬಸ್ಸಿನ ವಿಷಯ ಬಂತು ಅಂತ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ಜೊತೆಗೆ ಹೋಗುವವರು ಹೆಂಡತಿ, ಮಗಳು, ಸೊಸೆ ಆದರೆ ಓಡಾಟದ ಖರ್ಚು ಅರ್ಧಕ್ಕೆ ಇಳಿಯುತ್ತದೆ. ರೋಗಿಯೂ ಹೆಣ್ಣುಮಗಳಾದರೆ ಪೂರ್ತಿ ಉಳಿತಾಯ. ಇದು ರಾಜ್ಯದೊಳಗೆ ಮಾತ್ರ. ಹೈದರಾಬಾದಿಗೆ ಹೋಗುವ ರಾಯಚೂರಿನವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಖಾಸಗಿ ಫಿಸಿಯೋ, ಕ್ಲಿನಿಕ್ಕೋ ಮನೆಗೋ

ಕೈಕಾಲಿನ ತೊಂದರೆ ದೊಡ್ಡದು, ತಲೆ ಬಹುಮಟ್ಟಿಗೆ ಸರಿ ಇದೆ ಅಂದರೆ ಇದು ಸಾಕು. ತಲೆಯ ತೊಂದರೆಯೇ ಮುಖ್ಯ ಅಂದರೆ ಇದೊಂದೇ ಸಾಲದು. ಕ್ಲಿನಿಕ್ ಅಗ್ಗ, ಆದರೆ ಅಲ್ಲಿ ಇರುವುದು ಮಂಚ, ಕರೆಂಟಿನ ಮಷೀನು, ತಿರುಗಿಸುವ ಚಕ್ರ. ಮನೆಗೆ ಬರುವ ಫಿಸಿಯೋಗೆ ದುಡ್ಡು ಜಾಸ್ತಿ, ಆದರೆ ಅವರ ಕಣ್ಣಿಗೆ ನಿಮ್ಮ ಮನೆ ಬೀಳುತ್ತದೆ: ಹೊಸ್ತಿಲು ಎಷ್ಟು ಎತ್ತರ, ಪಾಯಿಖಾನೆ ಹೊರಗಿದೆಯೋ ಒಳಗೋ, ರಾತ್ರಿ ಆ ದಾರಿಯಲ್ಲಿ ಲೈಟ್ ಇದೆಯೋ. ನನ್ನನ್ನು ಕೇಳಿದರೆ ದಿನಾ ಕ್ಲಿನಿಕ್ಕಿಗೆ ಹೋಗುವುದಕ್ಕಿಂತ ವಾರಕ್ಕೆ ಎರಡು ಸಲ ಮನೆಗೆ ಕರೆಸುವುದು ಮೇಲು. ಲೆಕ್ಕ ಹಾಕುವ ರೀತಿ ಹೇಳುತ್ತೇನೆ, ನಿಮ್ಮೂರಿನ ದರ ಹಾಕಿ ನೋಡಿ. ಒಂದು ಸಲ ಬರುವುದಕ್ಕೆ 400 ರೂಪಾಯಿ ಅಂದುಕೊಂಡರೆ ದಿನಾ ಬಂದರೆ ತಿಂಗಳಿಗೆ 12,000, ವಾರಕ್ಕೆ ಎರಡು ಸಲ ಆದರೆ 3,200. ಉಳಿದ 8,800ರಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಮ್ಯಾಟ್, ಕೂರಲು ಗಟ್ಟಿ ಸ್ಟೂಲ್, ಕಮೋಡ್ ಕುರ್ಚಿ ತರಬಹುದು. ಇವು ಒಂದೇ ಸಲದ ಖರ್ಚು, ದಿನಾ ಉಪಯೋಗಕ್ಕೆ ಬರುತ್ತವೆ.

ಒಂದು ಎಚ್ಚರಿಕೆ. ಸೋತ ಕೈಯನ್ನು ಹಿಡಿದು ಜಗ್ಗಿ ಎಬ್ಬಿಸುವವರನ್ನು ತಕ್ಷಣ ನಿಲ್ಲಿಸಿ, ಅವರು ಫಿಸಿಯೋ ಆಗಿರಲಿ, ನಿಮ್ಮ ಅಣ್ಣನೇ ಆಗಿರಲಿ. ಭುಜ ಜಾರಿದರೆ ಆ ನೋವಿನಲ್ಲಿ ಇಡೀ ತರಬೇತಿಯೇ ನಿಂತುಹೋಗುತ್ತದೆ.

ಬೆಂಗಳೂರು, ಹೈದರಾಬಾದ್, ಮೈಸೂರು

ಅಲ್ಲಿ ಸಿಗುವುದು ತಂಡ. ನಿಮ್ಹಾನ್ಸ್‌ನಲ್ಲಿ ನರರೋಗದ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗ ಇದೆ, ಸರ್ಕಾರಿ ದರ. ಖಾಸಗಿ ಪುನಶ್ಚೇತನ ಕೇಂದ್ರಗಳಲ್ಲಿ ವಾರಗಟ್ಟಲೆ ಇರಿಸಿಕೊಂಡು ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸುತ್ತಾರೆ, ಬಿಲ್ಲೂ ಹಾಗೇ ಇರುತ್ತದೆ. ಮಾತಿನ ತೊಂದರೆಯೇ ದೊಡ್ಡದಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನೆನಪಿಡಿ. ಚಿಕಿತ್ಸೆ ಕನ್ನಡದಲ್ಲೇ ನಡೆಯುತ್ತದೆ ಎನ್ನುವುದು ಸಣ್ಣ ವಿಷಯ ಅಲ್ಲ. ಮನೆಯಲ್ಲಿ ಕನ್ನಡ ಆಡುವ ಅಜ್ಜನಿಗೆ ಹೈದರಾಬಾದಿನಲ್ಲಿ ಇಂಗ್ಲಿಷ್, ಹಿಂದಿ ಕಾರ್ಡ್ ತೋರಿಸಿ ಮಾತು ತರಿಸುವುದು ಹೇಗೆ? ರಾಯಚೂರಿನಲ್ಲಿ ತೆಲುಗು, ಉರ್ದು ಮನೆಮಾತಿನವರಿಗೆ ಮಾತ್ರ ಹೈದರಾಬಾದ್ ಈ ವಿಷಯದಲ್ಲಿ ಒಳ್ಳೆಯದೇ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ, ಅದು ಬೆಂಗಳೂರು ದಾಟಿ ಮೈಸೂರಿಗೂ ಹೋಗುತ್ತದೆ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್.

ಅಲ್ಲಿ ಹೋದರೆ ಪಡೆಯುವುದಕ್ಕಿಂತ ಕಳೆದುಕೊಳ್ಳುವುದು ಯಾವಾಗ ಜಾಸ್ತಿ? ನೆನಪು, ದಿಕ್ಕು ತೀರಾ ಕೆಟ್ಟವರನ್ನು ಹೊಸ ಜಾಗಕ್ಕೆ ಒಯ್ದಾಗ. ರಾತ್ರಿ ಎದ್ದು "ಮನೀಗೆ ನಡಿ" ಎಂದು ಗಲಾಟೆ ಮಾಡುತ್ತಾರೆ, ಹಗಲು ನಿದ್ದೆಗಣ್ಣಿನಲ್ಲಿ ಏನೂ ಕಲಿಯುವುದಿಲ್ಲ. ಜೊತೆಗೆ ಇರುವವರ ಊಟ, ರೂಮು, ಕೂಲಿ ಬಿಟ್ಟ ದಿನಗಳು ಇವನ್ನೂ ಕೂಡಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ ನಿಜ, ಆದರೆ ಅದು ಒಳರೋಗಿ ಚಿಕಿತ್ಸೆಯ ನಿಗದಿತ ಪ್ಯಾಕೇಜುಗಳಿಗೆ. ದಿನಾ ಬಂದು ಹೋಗುವ ಥೆರಪಿಗೆ ಅದನ್ನು ನಂಬಿ ಹೊರಡಬೇಡಿ. ಏಮ್ಸ್ ಬೇಕೆಂದು ರಾಯಚೂರಿನವರು ವರ್ಷಗಟ್ಟಲೆ ಧರಣಿ ಕೂತದ್ದು ಸುಮ್ನೆ ಅಲ್ಲ, ಇಂಥ ಪ್ರತಿ ಕಾಯಿಲೆಗೂ ರೈಲು ಹತ್ತುವ ಕಷ್ಟ ಅವರಿಗೇ ಗೊತ್ತು.

ಹಾಗಾದರೆ ಹೋಗುವುದೇ ಬೇಡವೇ? ಹೋಗಿ, ಆದರೆ ತಿಂಗಳುಗಟ್ಟಲೆ ಇರಲು ಅಲ್ಲ. ಏನು ಕೆಟ್ಟಿದೆ ಎಂದು ಸರಿಯಾಗಿ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಏನು ಮಾಡಬೇಕೆಂದು ಬರೆಸಿಕೊಂಡು, ಕಲಿತುಕೊಂಡು ಬರಲು ಹೋಗಿ. ಹೋಗುವಾಗ ನಿಮ್ಮ ಬಚ್ಚಲು, ಅಡುಗೆಮನೆ, ಮಲಗುವ ಜಾಗದ ಫೋಟೋ ಒಯ್ಯಿರಿ. ಜೊತೆಗೆ ಹೋಗಬೇಕಾದವರು ಮನೆಯಲ್ಲಿ ನಿಜವಾಗಿ ನೋಡಿಕೊಳ್ಳುವವರು. ನಮ್ಮಲ್ಲಿ ಬೆಂಗಳೂರಿಗೆ ಮಗ ಹೋಗುತ್ತಾನೆ, ಅಲ್ಲಿ ಎಲ್ಲ ಕೇಳಿಸಿಕೊಂಡು ಬರುತ್ತಾನೆ, ಊರಲ್ಲಿ ಸ್ನಾನ ಮಾಡಿಸುವುದು ಸೊಸೆ. ಆಕೆಗೆ ಯಾರೂ ಏನೂ ತೋರಿಸಿರುವುದಿಲ್ಲ.

ಮನೆಯಲ್ಲೇ ಕಲಿಸುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾವ ದಾರಿ ಹಿಡಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ.

ಮೊದಲು ಕಹಿ ಸತ್ಯ. "ಮನೆಯವರಿಗೆ ಕಲಿಸಿಬಿಟ್ಟರೆ ಸಾಕು, ಥೆರಪಿಸ್ಟ್ ಬೇಡ" ಎಂಬ ಮಾತನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಅಟೆಂಡ್ ಎಂಬ ಹೆಸರಿನ ಅಧ್ಯಯನ ಅದು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು ನಡೆಯಿತು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧ ಜನರ ಮನೆಯವರಿಗೆ ಆಸ್ಪತ್ರೆಯಲ್ಲೇ ತರಬೇತಿ ಶುರು ಮಾಡಿ ಎರಡು ತಿಂಗಳವರೆಗೆ ಮನೆಯಲ್ಲೂ ಮುಂದುವರಿಸಿದರು. ಆರು ತಿಂಗಳ ಮೇಲೆ ನೋಡಿದರೆ ತೀರಿಕೊಂಡವರು ಮತ್ತು ಬೇರೆಯವರನ್ನು ಅವಲಂಬಿಸಿದವರು ಎರಡೂ ಗುಂಪಿನಲ್ಲಿ ಶೇ. 47. ವ್ಯತ್ಯಾಸವೇ ಇಲ್ಲ. ಇದರಿಂದ ಮನೆಯ ಅಭ್ಯಾಸ ವ್ಯರ್ಥ ಎಂದು ನಾನು ಅರ್ಥ ಮಾಡಿಕೊಳ್ಳುವುದಿಲ್ಲ. ತಿಳಿದವರ ಕೆಲಸವನ್ನು ಪೂರ್ತಿ ಮನೆಯವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತೇನೆ. ಏನು ಮಾಡಬೇಕು, ಯಾವಾಗ ಬದಲಿಸಬೇಕು ಎಂದು ಹೇಳುವವರು ಹೊರಗಿನಿಂದ ಬೇಕು. ದಿನಾ ಮಾಡಿಸುವುದು ಮನೆಯವರು. ಹತ್ತಿರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಇಲ್ಲದಿದ್ದರೆ ದೂರದವರನ್ನು ಒಮ್ಮೆ ಮುಖಾಮುಖಿ ಕಂಡು, ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸಬಹುದು. ಮೊದಲ ಭೇಟಿಯೇ ವಿಡಿಯೋದಲ್ಲಿ ಬೇಡ.

ಮಾಡಿಸುವುದು ಹೇಗೆ ಎಂದು ಚಹಾದ ಉದಾಹರಣೆಯಲ್ಲಿ ನೋಡೋಣ. ಅತ್ತೆಗೆ ಲಕ್ವ, ಚಹಾ ಮಾಡುವುದು ಅವರಿಗೆ ಇಷ್ಟ, ಈಗ ಅರ್ಧಕ್ಕೆ ನಿಲ್ಲಿಸುತ್ತಾರೆ. ಬೇಕಾದ ಸಾಮಾನಷ್ಟೇ ಮುಂದಿಡಿ: ಪಾತ್ರೆ, ನೀರು, ಪುಡಿ, ಸಕ್ಕರೆ, ಹಾಲು, ಸೋಸಣಿಗೆ. ಉಳಿದದ್ದೆಲ್ಲ ಕಟ್ಟೆ ಮೇಲಿಂದ ತೆಗೆಯಿರಿ. ಟಿವಿ ಆರಿಸಿ. ನೀರು ಇಟ್ಟಾಯಿತು, ಮುಂದೆ ಕೈ ನಿಂತಿತು. ಇಲ್ಲಿ ನಮ್ಮ ಕೈ ತಾನಾಗೇ ಪುಡಿ ಡಬ್ಬಿಗೆ ಹೋಗುತ್ತದೆ, ಅದನ್ನು ತಡೆಯಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಆಗಲಿಲ್ಲವೇ, "ಅತ್ತೀ, ಮುಂದ ಏನ್ರೀ?" ಎಂದಷ್ಟೇ ಕೇಳಿ. ಆಗಲೂ ಇಲ್ಲವೇ, ಡಬ್ಬಿ ಕಡೆ ಬೆರಳು ತೋರಿಸಿ. ಅದೂ ಆಗದಿದ್ದರೆ ಅವರ ಕೈ ಹಿಡಿದು ಡಬ್ಬಿ ಮೇಲಿಡಿ. ಇಷ್ಟು ಮೆಟ್ಟಿಲು. ನಾಳೆ ಒಂದು ಮೆಟ್ಟಿಲು ಕಡಿಮೆ ಸಾಕಾದರೆ ಅದೇ ಪ್ರಗತಿ. ಗ್ಯಾಸ್ ಹತ್ತಿಸಿ ಆರಿಸುವುದು ಮಾತ್ರ ಬಹಳ ದಿನ ನಿಮ್ಮ ಕಣ್ಣ ಮುಂದೆಯೇ ಆಗಲಿ. ನೀವು ಹೊರಗೆ ಹೋಗುವಾಗ ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ ಹೋಗಿ.

ತಪ್ಪು ಮಾಡಲು ಬಿಡಬೇಕೋ ಬೇಡವೋ ಎಂದು ಬಹಳ ಜನ ಕೇಳುತ್ತಾರೆ. ಎರಡೂ ಸರಿ, ಆದರೆ ಬೇರೆ ಬೇರೆಯವರಿಗೆ. ನೆನಪು ತೀರಾ ಕೆಟ್ಟವರಿಗೆ ತಪ್ಪು ಮಾಡಲು ಬಿಡಬೇಡಿ, ಯಾಕೆಂದರೆ ಅವರಿಗೆ ತಿದ್ದಿದ್ದು ನೆನಪಿರುವುದಿಲ್ಲ, ಮಾಡಿದ ತಪ್ಪೇ ಕೈಗೆ ಅಂಟಿಕೊಳ್ಳುತ್ತದೆ. ಮೊದಲೇ ಸರಿಯಾದ ಹೆಜ್ಜೆ ಹೇಳಿಕೊಟ್ಟು ದಿನಾ ಒಂದೇ ರೀತಿ ಮಾಡಿಸಿ. ನೆನಪು ಪರವಾಗಿಲ್ಲ, ಆದರೆ ಅವಸರ, ಯೋಚನೆ ಇಲ್ಲದೆ ಮಾಡುವುದು ಅನ್ನುವವರನ್ನು ಅಪಾಯ ಇಲ್ಲದ ಕಡೆ ತಪ್ಪಲು ಬಿಡಿ. "ಎಲ್ಲಿ ತಪ್ಪಾಯ್ತು ನೋಡ್ರಿ" ಎಂದು ಅವರ ಬಾಯಿಂದಲೇ ಹೇಳಿಸಿ.

ಎಡಗಡೆ ಗಮನ ಇಲ್ಲದವರಿಗೆ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಪ್ರತಿ ತುತ್ತಿಗೂ ಅಲ್ಲ, ಊಟದ ನಡುವೆ ಒಂದೆರಡು ಸಲ "ಕೆಂಪು ಹುಡುಕ್ರಿ" ಅನ್ನಿ. ಮಾತಾಡಿಸುವಾಗ ನಿಧಾನಕ್ಕೆ ಎಡಗಡೆಗೆ ಸರಿದು ಕೂರಿ. ಆದರೆ ನೀರು, ಕರೆಗಂಟೆ, ಕನ್ನಡಕ ಮಾತ್ರ ಬಲಗಡೆಯೇ ಇರಲಿ. ತರಬೇತಿ ಬೇರೆ, ರಾತ್ರಿ ಎರಡು ಗಂಟೆಯ ಬಾಯಾರಿಕೆ ಬೇರೆ. ಅಂಗಿ ಹಾಕುವಾಗ ಸೋತ ಕೈ ಮೊದಲು ತೋಳಿಗೆ, ಬಿಚ್ಚುವಾಗ ಗಟ್ಟಿ ಕೈ ಮೊದಲು ಹೊರಗೆ. ಪಂಚೆ ಉಡುವುದನ್ನು ಸದ್ಯಕ್ಕೆ ಬಿಟ್ಟು ಎಲಾಸ್ಟಿಕ್ ಪೈಜಾಮ ಕೊಡಿ. ಹಟ ಮಾಡಿದರೆ ಹಬ್ಬದ ದಿನ ಉಡಿಸಿ.

ಮಾತ್ರೆಗೆ ವಾರದ ಡಬ್ಬಿ, ಮೊಬೈಲಿನಲ್ಲಿ ಅಲಾರಂ. ಒಂದು ನೋಟ್‌ಬುಕ್ಕಿನಲ್ಲಿ ಇವತ್ತಿನ ದಿನಾಂಕ, ಯಾರು ಬರುತ್ತಾರೆ, ಏನು ಕೆಲಸ ಎಂದು ಬರೆದಿಡಿ. ಓದು ಬಾರದ ಅಜ್ಜಿಗೆ ಅಕ್ಷರದ ಬದಲು ಫೋಟೋ ಅಂಟಿಸಿ. ಕಲಿಕೆಗೆ ಇಪ್ಪತ್ತು ನಿಮಿಷದಂತೆ ದಿನಕ್ಕೆ ಎರಡು ಸಲ ಸಾಕು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಹತ್ತು ಗಂಟೆ ಮೇಲೆ ಆರೋಗ್ಯವಂತರ ತಲೆಯೇ ಓಡುವುದಿಲ್ಲ, ಬೆಳಿಗ್ಗೆ ಬೇಗ ಮುಗಿಸಿ.

ಆ್ಯಪ್, ಹೋಂ ನರ್ಸ್, ಎಣ್ಣೆ

ಮೊಬೈಲಿನ ಮೆದುಳಿನ ಆಟಗಳ ಬಗ್ಗೆ: ಆಟದ ಸ್ಕೋರ್ ಏರುತ್ತದೆ, ಆದರೆ ಅದರಿಂದ ಸ್ನಾನ, ಅಡುಗೆ, ಲೆಕ್ಕ ಸುಧಾರಿಸುತ್ತದೆ ಎನ್ನಲು ಪುರಾವೆ ತೆಳು. ಖುಷಿ ಕೊಟ್ಟರೆ ಆಡಲಿ, ದುಡ್ಡು ಕಟ್ಟಿ ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ. ಅದೇ ಹೊತ್ತಿನಲ್ಲಿ ಚಿಲ್ಲರೆ ಎಣಿಸಿ ಓಣಿಯ ಅಂಗಡಿಯಿಂದ ಮಂಡಕ್ಕಿ ತರಿಸಿ, ಒಗ್ಗರಣಿಗೆ ಈರುಳ್ಳಿ ಸುಲಿಸಿ. ಗಮನ, ನೆನಪು, ಲೆಕ್ಕ ಮೂರೂ ಅದರಲ್ಲಿವೆ.

ಹೋಂ ನರ್ಸ್ ಇಡುವುದು ಮನೆಯವರಿಗೆ ದೊಡ್ಡ ಉಸಿರು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ತರಬೇತಿ ಅಲ್ಲ. ಒಳ್ಳೆಯ ಕೆಲಸದವರು ಬೇಗ ಬೇಗ ತಾವೇ ಉಣಿಸಿ, ತಾವೇ ಉಡಿಸಿ ಮುಗಿಸುತ್ತಾರೆ, ಆರು ತಿಂಗಳಲ್ಲಿ ರೋಗಿ ಇದ್ದ ಅಭ್ಯಾಸವನ್ನೂ ಬಿಟ್ಟಿರುತ್ತಾರೆ. ಇಡುವುದಾದರೆ ಮೊದಲ ದಿನವೇ ಹೇಳಿ: "ಅವರು ಅರ್ಧ ಗಂಟೆ ತಗೊಂಡ್ರೂ ಅವರೇ ಉಣ್ಲಿ." ಎಣ್ಣೆ ತಿಕ್ಕಿಸುವುದರಿಂದ ಮೈ ಹಗುರಾಗುತ್ತದೆ, ಮಾಡಿಸಿ. ಆದರೆ ನಾಟಿ ಔಷಧಿ ಕೊಡುವವರು "ಇಂಗ್ಲಿಷ್ ಮಾತ್ರೆ ಬಿಡ್ರಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ನೀರು ಕುಡಿದಾಗ ಕೆಮ್ಮು ಬರುವವರಿಗೆ ಯಾವ ಕಷಾಯವನ್ನೂ ಬಾಯಿಗೆ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಯಾರಿಗೆ ಯಾವುದು

ಹಳ್ಳಿಯ ಒಕ್ಕಲುತನದ ಮನೆ, ಹಗಲಲ್ಲಿ ಒಬ್ಬ ಹೆಣ್ಣುಮಗಳಷ್ಟೇ ಇರುತ್ತಾಳೆ, ಕೈಯಲ್ಲಿ ದುಡ್ಡು ಕಡಿಮೆ: ಜಿಲ್ಲಾ ಆಸ್ಪತ್ರೆಗೆ ಎರಡು ವಾರಕ್ಕೊಮ್ಮೆ, ಮನೆಯಲ್ಲಿ ಎರಡೇ ಕೆಲಸದ ಅಭ್ಯಾಸ. ಪಾಯಿಖಾನೆಗೆ ಹೋಗಿ ಬರುವುದು ಒಂದು, ಉಣ್ಣುವುದು ಒಂದು. ಉಳಿದದ್ದು ಆಮೇಲೆ. ಐದು ಕೆಲಸ ಒಟ್ಟಿಗೆ ಹಿಡಿದರೆ ಆ ಹೆಣ್ಣುಮಗಳು ಹಾಸಿಗೆ ಹಿಡಿಯುತ್ತಾಳೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನಲವತ್ತೈದರ ಟೇಲರ್, ನಡಿಗೆ ಚೆನ್ನಾಗಿದೆ, ಅಳತೆ ಮರೆಯುತ್ತಾರೆ, ಕೆಲಸಕ್ಕೆ ಮರಳಲೇಬೇಕು: ಇಂಥವರಿಗೆ ದುಡ್ಡು ಖರ್ಚು ಮಾಡಿ ಬೆಂಗಳೂರಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸುವುದು ಸಾರ್ಥಕ. ಅಲ್ಲಿಂದ ಬಂದ ಮೇಲೆ ಫಿಸಿಯೋ ಬೇಡ, ವಿಡಿಯೋದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಸಾಕು. ಅಭ್ಯಾಸ ಹೊಲಿಗೆ ಯಂತ್ರದ ಮುಂದೆಯೇ ಆಗಲಿ, ಮೊದಲು ವೇಸ್ಟ್ ಬಟ್ಟೆಯಲ್ಲಿ. ಬೈಕ್ ಓಡಿಸುವುದು ಡಾಕ್ಟರ್ ಒಪ್ಪುವವರೆಗೆ ಬೇಡ. ಮೊಬೈಲ್‌ನಲ್ಲಿ ದುಡ್ಡು ಕಳಿಸುವುದಕ್ಕೂ ಸಣ್ಣ ಮಿತಿ ಹಾಕಿ. ಗಮನ ಕೆಟ್ಟವರು ಒಟಿಪಿ ಕೇಳಿದವರಿಗೆಲ್ಲ ಹೇಳಿಬಿಡುತ್ತಾರೆ.

ಮಕ್ಕಳು ದೂರದಲ್ಲಿದ್ದು ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಇಬ್ಬರಿಗೂ ಎಪ್ಪತ್ತು: ಇಲ್ಲಿ ನಾನು ಹೋಂ ನರ್ಸ್ ಮತ್ತು ವಾರಕ್ಕೆ ಎರಡು ಸಲದ ಮನೆ ಫಿಸಿಯೋ ಎರಡನ್ನೂ ಹೇಳುತ್ತೇನೆ. ಮಕ್ಕಳು ಬೆಂಗಳೂರಿಗೆ ತಂದುಬಿಡೋಣ ಅನ್ನುತ್ತಾರೆ. ಅಪಾರ್ಟ್‌ಮೆಂಟಿನ ಹೊಸ ಗೋಡೆಗಳ ನಡುವೆ ನೆನಪು ಕೆಟ್ಟವರಿಗೆ ಬಚ್ಚಲು ಯಾವುದು ಎಂದೇ ಗೊತ್ತಾಗುವುದಿಲ್ಲ. ತರಲೇಬೇಕಾದರೆ ಬಾಗಿಲಿಗೆ ಚಿತ್ರ ಅಂಟಿಸಿ, ಅವರ ಮಂಚ, ಅವರ ತಟ್ಟೆ, ಅವರ ಕುರ್ಚಿ ಜೊತೆಗೇ ತನ್ನಿ.

ಒಂದು ವಿಷಯ ಎಲ್ಲರಿಗೂ ಸೇರಿದ್ದು. ಲಕ್ವದ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಕಡಿಮೆ, ನಿದ್ದೆ ಇಲ್ಲ, "ಯಾಕ್ ಬದುಕಬೇಕು" ಅನ್ನುವುದು ಶುರುವಾದರೆ ತರಬೇತಿ ಎಷ್ಟು ಮಾಡಿಸಿದರೂ ಹತ್ತುವುದಿಲ್ಲ, ಮೊದಲು ಅದಕ್ಕೆ ಚಿಕಿತ್ಸೆ ಕೊಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವವರೂ ಮಾಡಬಹುದು. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ಜಾಸ್ತಿಯಾದರೆ ಮೂತ್ರದ ಸೋಂಕು, ಜ್ವರ, ಹೊಸ ಮಾತ್ರೆ ಇವನ್ನು ಡಾಕ್ಟರ್ ಹತ್ತಿರ ತೋರಿಸಿ. ಬಾಯಿ ಸೊಟ್ಟ, ಮಾತು ತೊದಲು, ಕೈ ಬೀಳುವುದು ಮತ್ತೆ ಕಂಡರೆ 108. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಆಸ್ಪತ್ರೆಗೆ ಇನ್ನೂ ಮೊದಲೇ ತಲುಪಬೇಕು.

ದುಡ್ಡು ಕಟ್ಟುವ ಮುನ್ನ

ಯಾವ ಸೆಂಟರ್ ಆದರೂ ಮುಂಗಡ ಕಟ್ಟುವ ಮೊದಲು ಫೋನಿನಲ್ಲೇ ಇಷ್ಟು ಕೇಳಿ. ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ, ವಾರಕ್ಕೆ ಎಷ್ಟು ದಿನ, ಒಬ್ಬರಿಗೆ ಎಷ್ಟು ಹೊತ್ತು? ಕನ್ನಡ ಬರುತ್ತಾ? ಮನೆಯವರು ಪಕ್ಕದಲ್ಲಿ ನಿಂತು ಕಲಿಯಬಹುದಾ? ಬಾರ್ಥೆಲ್ ಸ್ಕೋರ್ ಶುರುವಿನಲ್ಲಿ ಒಮ್ಮೆ, ತಿಂಗಳ ಮೇಲೆ ಒಮ್ಮೆ ಬರೆದು ಕೊಡ್ತೀರಾ? ಈ ಕೊನೆಯದು ಹತ್ತು ದಿನನಿತ್ಯದ ಕೆಲಸಗಳಿಗೆ ನೂರಕ್ಕೆ ಅಂಕ ಕೊಡುವ ಪಟ್ಟಿ. ಉಣ್ಣುವುದು, ಸ್ನಾನ, ಮೆಟ್ಟಿಲು, ಪಾಯಿಖಾನೆ ಎಲ್ಲ ಅದರಲ್ಲಿದೆ. ಗ್ಯಾಸ್, ದುಡ್ಡು, ಮಾತ್ರೆ ಅದರಲ್ಲಿ ಇಲ್ಲ. ಅದಕ್ಕೆ ನಿಮ್ಮದೇ ಒಂದು ಪಟ್ಟಿ ಇಡಿ. ನಿಮಗೆ ಬೇಕಾದ ಮೂರು ಕೆಲಸ ಬರೆದು, ವಾರಕ್ಕೊಮ್ಮೆ ಎದುರಿಗೆ ಗುರುತು ಹಾಕಿ: ತಾವೇ ಮಾಡಿದರು, ಹೇಳಿದ ಮೇಲೆ ಮಾಡಿದರು, ಕೈ ಹಿಡಿದ ಮೇಲೆ ಮಾಡಿದರು, ನಾವೇ ಮಾಡಿದೆವು. ಆರು ವಾರದಲ್ಲಿ ಒಂದು ಗುರುತೂ ಮೇಲೆ ಸರಿಯದಿದ್ದರೆ ಆ ಪುಸ್ತಕ ಹಿಡಿದುಕೊಂಡೇ ಹೋಗಿ, ಏನು ಬದಲಿಸೋಣ ಎಂದು ಕೇಳಿ. ಅವರ ಹತ್ತಿರ ಉತ್ತರ ಇಲ್ಲದಿದ್ದರೆ ಜಾಗ ಬದಲಿಸಿ.

ಆರು ತಿಂಗಳಾದರೂ ಅವಲಂಬನೆ ಉಳಿದಿದ್ದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಶೇ. 40 ಮತ್ತು ಮೇಲ್ಪಟ್ಟ ಅಂಗವೈಕಲ್ಯ ಪ್ರಮಾಣೀಕರಿಸಿದರೆ ಮಾಸಾಶನ, ಬಸ್ ರಿಯಾಯಿತಿ ಪಾಸ್‌ಗೆ ಅದೇ ಆಧಾರ. ಅರ್ಜಿ ಆನ್‌ಲೈನ್, ತಪಾಸಣೆ ಜಿಲ್ಲಾ ಆಸ್ಪತ್ರೆಯಲ್ಲಿ. ಎರಡು ವಾರಕ್ಕೊಮ್ಮೆ ಹೇಗೂ ಅಲ್ಲಿಗೆ ಹೋಗುತ್ತೀರಲ್ಲ, ಅದೇ ದಿನಕ್ಕೆ ಹೊಂದಿಸಿಕೊಳ್ಳಿ.